ಮಡಚಿದ ಬೆರಳುಗಳು

ಜನವರಿ ೯

ಪ್ರೀತಿಯ ಅತ್ತಿಗೆ,

ತಲುಪಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ರೂಮಿನ ಬಾಗಿಲಿಗೆ ಗಟ್ಟಿ ಚಿಲಕವಿದೆ. ಅಣ್ಣ ಕೇಳುವ ಮೂರೂ ಪ್ರಶ್ನೆಗೆ ಉತ್ತರ ಆಯಿತು. ಅವನಿಗೆ ಅಷ್ಟು ಹೇಳಿಬಿಡಿ, ಮಿಕ್ಕದ್ದು ನಿಮಗೆ. ಫೋನಿನಲ್ಲಿ ಮಾತಾಡಿದರೆ ಅವನು ಪಕ್ಕದಲ್ಲೇ ಕಿವಿಗೊಟ್ಟು ಕೂತು “ಏನಂತೆ? ಏನಂತೆ?” ಎಂದು ಪ್ರಾಣ ತಿನ್ನುತ್ತಾನೆ. ನಮ್ಮಿಬ್ಬರಿಗೂ ಕಾಗದವೇ ವಾಸಿ ಎಂದು ನೀವು ಹೇಳಿದ್ದು ಸರಿ.

ಕಂಪನಿ ಒಂದೇ ಆದರೂ ಇಲ್ಲಿಯ ಹಲ್ಲಿನ ಲ್ಯಾಬು ನಮ್ಮದಕ್ಕಿಂತ ಬಹಳ ದೊಡ್ಡದು. ಅಲ್ಲಿ ನಾವು ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗಿಸಿಕೊಂಡು ಊರವರ ಹಲ್ಲು ಕೆತ್ತುತ್ತಿದ್ದೆವು. ಇಲ್ಲಿ ಮೇಣದ ಕೆಲಸಕ್ಕೊಂದು ಕೋಣೆ, ಎರಕಕ್ಕೊಂದು, ಹೊಳಪು ಕೊಡುವುದಕ್ಕೆ ಇನ್ನೊಂದು. ನನಗಂತೂ ಕೆತ್ತುವ ಕೆಲಸವೇ ಇಲ್ಲ. ಹೊಸದಾಗಿ ಸೇರಿದವರಿಗೆ ಕಲಿಸಬೇಕು, ಅದೂ ಇಂಗ್ಲಿಷಿನಲ್ಲಿ. ಕುರುಡ ಕುರುಡನಿಗೆ ದಾರಿ ತೋರಿಸಬಾರದಲ್ಲ, ಅದಕ್ಕೆ ನನಗೂ ಪಾಠವಿದೆ. ಒಬ್ಬ ಮೇಡಂ ಬಂದು ಮಾತಾಡಿಸಿ ಹೋಗುತ್ತಾರೆ.

ಮೊನ್ನೆಯ ಪಾಠ ನಿಮಗೆ ಹೇಳಲೇಬೇಕು. ಬೇರೆಯವರು ಆಡಿದ ಮಾತನ್ನು ಇಂಗ್ಲಿಷಿನವರು ಹೇಗೆ ಹೇಳುತ್ತಾರೆ ಅನ್ನುವುದು. ನಮಗೆ ಅದೊಂದು ಕಷ್ಟವೇ? ಮಾತಿನ ಬಾಲಕ್ಕೆ ಒಂದು “ಅಂತ” ಕಟ್ಟಿದರೆ ಮುಗಿಯಿತು. ಅವರ ಪಾಡು ಕೇಳಬೇಡಿ. ವಯಸ್ಸಾದವರು ಮರ್ಯಾದೆಯಾಗಿ “ಸೆಡ್” ಎನ್ನುತ್ತಾರೆ. ಹುಡುಗ ಹುಡುಗಿಯರು “ಶಿ ವಾಸ್ ಲೈಕ್” ಎಂದು ಶುರು ಮಾಡಿ, ಕಣ್ಣರಳಿಸಿ ಬಾಯಿ ಸೊಟ್ಟ ಮಾಡಿ, ಅವಳನ್ನೇ ಆಡಿ ತೋರಿಸುತ್ತಾರೆ. ಅದರಲ್ಲಿ ಅವಳು ನಿಜವಾಗಿ ಆಡಿದ್ದೆಷ್ಟು, ಇವರು ಸೇರಿಸಿದ್ದೆಷ್ಟು, ಕೇಳುವ ಹಾಗಿಲ್ಲ. “ಹಿ ಗೋಸ್, ಐ ಗೋ” ಎಂದೂ ಹೇಳುತ್ತಾರೆ, ಯಾರೂ ಎಲ್ಲಿಗೂ ಹೋಗಿರುವುದಿಲ್ಲ. ಮೀಟಿಂಗಿನಲ್ಲಿ “ಕೋಟ್” ಎಂದು ಬಾಗಿಲು ತೆಗೆದು “ಅನ್‌ಕೋಟ್” ಎಂದು ಹಾಕುತ್ತಾರೆ.

ಎಲ್ಲಕ್ಕಿಂತ ಮಜಾ ಬೆರಳಿನದು. ಎರಡೂ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಎರಡೆರಡು ಬೆರಳು ನೆಟ್ಟಗೆ ಮಾಡಿ, ಮಾತಿನ ಜೊತೆಗೇ ಎರಡು ಸಲ ಮಡಚಬೇಕು. ಪುಸ್ತಕದಲ್ಲಿ ಮಾತಿನ ಆಚೆಗೂ ಈಚೆಗೂ ಹಾಕುವ ಗುರುತನ್ನು ಗಾಳಿಯಲ್ಲಿ ಹಾಕುವುದಂತೆ. ಇದು ನನ್ನ ಮಾತಲ್ಲ, ಅವರು ಹಾಗೆನ್ನುತ್ತಾರೆ, ನಾನು ನಂಬಿದ್ದೇನೆ ಎಂದು ತಿಳಿಯಬೇಡಿ ಅಂತ ಅರ್ಥ. ಇಲ್ಲಿಯ ದೊಡ್ಡ ಸಾಹೇಬರು ಮೊನ್ನೆ ಯಾರೋ “ಜ್ವರ” ಎಂದು ರಜೆ ಹಾಕಿದ್ದಾರೆ ಎನ್ನುತ್ತಾ ಬೆರಳು ಮಡಚಿದರು, ಕೋಣೆಯೆಲ್ಲ ಗೊಳ್ಳೆಂದಿತು. ನಾವು “ಜ್ವರಾಂತೆ” ಎಂದು ರಾಗ ಎಳೆಯುತ್ತೇವಲ್ಲ, ಅದನ್ನೇ ಅವರು ಬೆರಳಿನಲ್ಲಿ ಎಳೆಯುತ್ತಾರೆ.

ಚಿಕ್ಕಂದಿನಲ್ಲಿ ಮನೆಗೆ ಬಂದವರನ್ನೆಲ್ಲ ಅಣಕಿಸುತ್ತಿದ್ದೆ ಅಂತ ತಾನೇ ನನಗೆ ಗಿಣಿ ಎಂದು ಹೆಸರಿಟ್ಟದ್ದು? ಮೇಡಂ ನನ್ನ ಬೆರಳು ನೋಡಿ “ಪರ್ಫೆಕ್ಟ್” ಎಂದಿದ್ದಾರೆ.

ನಿಮ್ಮ
ಗಿಣಿ


ಜನವರಿ ೨೪

ಗಿಣೀ,

ನಿನ್ನ ಕಾಗದ ಓದಿ ನಕ್ಕು ನಕ್ಕು ಪಕ್ಕೆ ಹಿಡಿಯಿತು. ನಿಮ್ಮಣ್ಣ ಹೊರಗೆ ಹೊರಟವರು “ಐದೇ ನಿಮಿಷ, ಈಗ ಬಂದೆ” ಎಂದರು. ನಾನು ಎರಡೂ ಕೈ ಎತ್ತಿ “ಐದು ನಿಮಿಷ” ಎಂದು ಬೆರಳು ಮಡಚಿದೆ. “ಏನೇ ಅದು, ಕೈ ಸೆಳೆತಾನಾ?” ಎಂದು ಕೇಳಿದರು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮೇಲೆ ಕೆಳಗೆ ಓಡಾಡಿಸುವ ಮನುಷ್ಯ, ಒಂದು ತಮಾಷೆ ಮಾತ್ರ ತಲೆಗೆ ಹತ್ತುವುದಿಲ್ಲ.

ನಗುವಿನ ಮಾತು ಇಲ್ಲಿಗೆ ಸಾಕು. ಲ್ಯಾಬಿನವರು ನನ್ನನ್ನು ಮನೆಯಲ್ಲಿ ಕೂರಿಸಿದ್ದಾರೆ ಕಣೇ.

ನಾವು ಮಾಡಿ ಕಳಿಸಿದ ಹಲ್ಲಿನ ಕ್ಯಾಪುಗಳು ಆಸ್ಪತ್ರೆಗಳಿಂದ ವಾಪಸು ಬಂದಿವೆ. ಕಪ್ಪಾಗಿವೆ, ಒಂದು ಬಿರುಕು ಬಿಟ್ಟಿದೆ, ಯಾರೋ ಮುದುಕಿಗೆ ವಸಡು ಊದಿ ನೀರು ಕುಡಿಯುವುದೂ ಕಷ್ಟವಾಗಿದೆಯಂತೆ. ಎರಕ ಹೊಯ್ದವಳು ನಾನು. ನಮ್ಮ ಮ್ಯಾನೇಜರ್ ಏನಂದಿದ್ದಾರೆ ಗೊತ್ತೇ? ತಾವು ಹೊಸ ಲೋಹವನ್ನೇ ಕೊಟ್ಟಿದ್ದರಂತೆ. ನಾನು ಅದನ್ನು ಹೊರಗೆ ಸಾಗಿಸಿ, ಹಳೆಯ ಎರಕದಲ್ಲಿ ಉಳಿದ ತುಂಡುಗಳನ್ನು ಕರಗಿಸಿ ಹೊಯ್ದೆನಂತೆ. ಬಾಯಿಬಿಟ್ಟು ಕಳ್ಳಿ ಎಂದಿಲ್ಲ, ಅಷ್ಟೇ.

ಆ ಸಂಜೆ ನಿನಗೆ ನೆನಪಿರಬೇಕು. ಕುಲುಮೆಯ ಕೋಣೆಯಲ್ಲಿ ನಿಂತು ಅವರು ನನಗೆ ಹೇಳಿದ್ದು ಹೀಗೆ: “ಉಳಿದಿರೋ ತುಂಡುಗಳನ್ನೇ ಮತ್ತೆ ಕರಗಿಸಿ ಹೊಯ್ಯಿ. ಬಾಯೊಳಗೆ ಯಾರು ಇಣುಕಿ ನೋಡ್ತಾರೆ? ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ.” ನಾನು ಹೊಯ್ದೆ. ಹೊಯ್ದದ್ದು ನನ್ನ ತಪ್ಪೇ, ಅದನ್ನು ಎಲ್ಲಿ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಆದರೆ ಕದ್ದವಳು ನಾನಲ್ಲ. ಹೊರಗೆ ಕೈ ತೊಳೆಯುವ ಜಾಗಕ್ಕೆ ಬಂದು, ನಿನ್ನ ಮುಂದೆ ಅತ್ತು, ಅವರ ಮಾತನ್ನು ಅವರು ಆಡಿದ ಹಾಗೇ ನಿನಗೆ ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ. ನಿಮ್ಮಣ್ಣನಿಗೆ ಹೇಳಿದರೆ ಅಂದೇ ಸ್ಪ್ಯಾನರ್ ಹಿಡಿದು ಲ್ಯಾಬಿಗೆ ನುಗ್ಗುತ್ತಿದ್ದರು, ಅದಕ್ಕೆ ಅವರಿಗೂ ಹೇಳಲಿಲ್ಲ. ಈಗ ಗೊಣಗುತ್ತಿದ್ದಾರೆ, “ಆವತ್ತೇ ನನಗ್ಯಾಕೆ ಹೇಳಲಿಲ್ಲ?” ಅಂತ.

ವಿಚಾರಣೆಗೆ ದೊಡ್ಡ ಆಫೀಸಿನಿಂದ ಮೂವರು ಬರುತ್ತಾರೆ. ನಿನ್ನನ್ನು ಕಂಪ್ಯೂಟರ್ ಪರದೆಯ ಮೇಲೆ ಕರೆಸಿ ಇಂಗ್ಲಿಷಿನಲ್ಲಿ ಕೇಳುತ್ತಾರಂತೆ. ನೀನೇನೂ ಕಟ್ಟಿ ಹೇಳಬೇಕಾಗಿಲ್ಲ. ನಾನು ನಿನಗೆ ಏನು ಹೇಳಿದೆನೋ ಅಷ್ಟು ಹೇಳು. ಈ ಊರಿನಲ್ಲಿ ನನ್ನ ಕೈಕೆಲಸಕ್ಕೆ ಇರುವ ಹೆಸರು ಈಗ ನಿನ್ನ ನಾಲಿಗೆಯ ಮೇಲಿದೆ.

ನಿನ್ನ ಅತ್ತಿಗೆ


ಫೆಬ್ರವರಿ ೫

ಅತ್ತಿಗೆ,

ನಿಮ್ಮ ಕಾಗದ ಓದಿ ಬಹಳ ಬೇಜಾರಾಯಿತು. ಧೈರ್ಯವಾಗಿರಿ. ನೀವು ಹೇಳಿದ್ದನ್ನು ನಾನು ಖಂಡಿತ ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಒಂದಕ್ಷರ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ಆಫೀಸಿನ ಪತ್ರ ನನಗೂ ಬಂದಿದೆ. ವಿಚಾರಣೆ ಮುಗಿಯುವ ತನಕ ಫೋನು ಬೇಡ, ಯಾರಾದರೂ ಕೇಳಿದರೆ ಮೊದಲೇ ಮಾತಾಡಿಕೊಂಡಿದ್ದೇವೆ ಅಂದುಕೊಳ್ಳುತ್ತಾರೆ.

ಇಲ್ಲಿ ಕೆಲಸ ಜಾಸ್ತಿ. ಬರುವ ತಿಂಗಳು ಯಾರ್ಯಾರನ್ನು ಕಾಯಂ ಮಾಡುತ್ತಾರೆ ಅನ್ನುವುದು ತಿಳಿಯುತ್ತದೆ. ಅಲ್ಲಿಯ ನಮ್ಮ ಮ್ಯಾನೇಜರಿಂದಲೂ ಅಭಿಪ್ರಾಯ ಕೇಳುತ್ತಾರಂತೆ. ಇರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಣ್ಣನನ್ನು ಕೇಳಿದೆನೆಂದು ಹೇಳಿ.

ಗಿಣಿ


ಫೆಬ್ರವರಿ ೨೬

ನನ್ನ ಬಂಗಾರದ ಗಿಣೀ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ವಿಚಾರಣೆಯ ಪ್ರತಿ ಇವತ್ತು ಕೈಗೆ ಬಂತು. ಗೊತ್ತಿಲ್ಲದ ಪದಗಳಿಗೆ ನಿಘಂಟು ತಿರುವಿ ಹಾಕುತ್ತಾ ಎರಡು ಸಲ ಓದಿದೆ.

ಆ ದಿನ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ, ಅಚ್ಚುಗಳನ್ನು ಒಣಗಿಸುತ್ತೇವಲ್ಲ, ಆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಗಾಜಿನ ಬಾಗಿಲಿಗೆ ಕಾಗದ ಅಂಟಿಸಿದ್ದರು. ಪರದೆಯಲ್ಲಿ ನಿನ್ನ ದನಿ ಬರುವುದು ಗೊತ್ತಾಗುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಳಗಿನವರು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ ನಕ್ಕರು. ಅಬ್ಬ, ನಮ್ಮ ಗಿಣಿ ಅವರನ್ನೂ ನಗಿಸಿಬಿಟ್ಟಳು, ನಕ್ಕ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಎಂದುಕೊಂಡೆ. ಆಗಲೇ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಮೂಲೆಯಲ್ಲಿ ಕೂತು ಟೈಪ್ ಮಾಡಿದವರು ನಮ್ಮ ಟಕಟಕಮ್ಮ. ಆಫೀಸಿನಲ್ಲಿ ಬಾಗಿಲ ಕಡೆ ಬೆನ್ನು ಹಾಕಿ ಕೂತಿರುತ್ತಾರಲ್ಲ, ಟೈಪಿಸ್ಟ್, ಅವರೇ. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ! ನನ್ನ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಆಚೆ ಈಚೆ ಗುರುತು ಹಾಕಿದ್ದಾರೆ. ಮ್ಯಾನೇಜರ್ ಹೇಳಿದರು ಅನ್ನುವುದಕ್ಕೆ ಗುರುತು. ಹಳೆಯ ತುಂಡು ಅನ್ನುವುದಕ್ಕೆ ಗುರುತು. ನಾನು ಹೆದರಿದ್ದೆ ಅನ್ನುವುದಕ್ಕೆ ಗುರುತು. ಅಳುತ್ತಾ ಬಂದರು ಎಂದಿದ್ದೀಯಲ್ಲ, ಆ ಅಳುವಿಗೂ ಹಾಕಿದ್ದಾರೆ. ಅದಕ್ಕೇಕೆ ಎಂದು ನಿಮ್ಮಣ್ಣನನ್ನು ಕೇಳಿದೆ. “ಮುಖ್ಯವಾದ ಮಾತಿಗೆ ಹಾಗೆ ಹಾಕ್ತಾರೆ ಕಣೇ” ಎಂದರು, ಎಲ್ಲ ತಿಳಿದವರ ಹಾಗೆ. ನಾವು ಮುಗಿದ ಕ್ಯಾಪನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತೇವಲ್ಲ, ಹಾಗೆ ನನ್ನ ಒಂದೊಂದು ಮಾತನ್ನೂ ನೀನು ಸುತ್ತಿ ಕಾಪಾಡಿದ್ದೀಯ ಅನ್ನಿಸಿತು. ಓದುತ್ತಾ ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ.

ತೀರ್ಪು ಬರುವುದೊಂದೇ ಬಾಕಿ. ನಿಮ್ಮಣ್ಣ ನೆರೆಮನೆಯವರಿಗೆಲ್ಲ “ನನ್ನ ತಂಗಿ ಇಂಗ್ಲಿಷಲ್ಲಿ ನೀರು ಕುಡಿಸಿದ್ಲು” ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಿನಗೆ ಹೇಗನ್ನಿಸಿತು, ಏನೇನು ಕೇಳಿದರು, ಎಲ್ಲ ಬರಿ.

ನಿನ್ನ ಅತ್ತಿಗೆ


ಮಾರ್ಚ್ ೧೪

ಗಿಣಿ,

ನಿನ್ನಿಂದ ಕಾಗದವಿಲ್ಲ. ಹುಷಾರಾಗಿದ್ದೀಯ ತಾನೇ?

ತೀರ್ಪು ಬಂತು. ಕೆಲಸದಿಂದ ತೆಗೆದಿದ್ದಾರೆ. ಮ್ಯಾನೇಜರ ಮೇಲೆ ನಾನು ಹೇಳಿದ್ದಕ್ಕೆ ನಂಬುವಂಥ ಆಧಾರವಿಲ್ಲವಂತೆ. ಹಾಗಂತ ಒಂದೇ ಸಾಲು. ಪೊಲೀಸಿಗೆ ಕೊಡುವುದಿಲ್ಲವಂತೆ, ಅದು ಅವರ ದೊಡ್ಡತನವಂತೆ. ಈ ಊರಿನಲ್ಲಿ ಇರುವ ಲ್ಯಾಬುಗಳೆಷ್ಟು? ಬೇರೆ ಕಡೆ ಕೇಳಲು ಹೋದೆ. ಒಬ್ಬರು ಕುರ್ಚಿ ತೋರಿಸಿ ಚಹಾ ಕೊಟ್ಟು, ನನ್ನ ಹೆಸರು ಕೇಳಿದ ಮೇಲೆ ಜಾಗ ಖಾಲಿಯಿಲ್ಲ ಎಂದರು.

ಅದನ್ನೂ ತಡೆದುಕೊಂಡೆ. ತಡೆಯಲಾಗದ್ದು ಮನೆಯೊಳಗಿನದು. ನಿನ್ನೆ ಊಟಕ್ಕೆ ಕೂತಾಗ ನಿಮ್ಮಣ್ಣ ತಟ್ಟೆಯ ಮೇಲಿಂದ ಕಣ್ಣೆತ್ತದೆ ಹೇಳಿದರು, “ಗಿಣಿ ಅಷ್ಟೆಲ್ಲ ನಿನ್ನ ಪರವಾಗಿ ಹೇಳಿದ್ರೂ ಅವರು ನಂಬಲಿಲ್ಲ ಅಂದ್ರೆ... ಏನೋ ಇರ್ಬೇಕಲ್ವಾ?”

“ಏನಿರ್ಬೇಕು?” ಎಂದೆ.

“ನನಗೇನು ಗೊತ್ತು? ನೀನು ನನಗೆ ಹೇಳಿದ್ದೇ ಎಲ್ಲಾ ಮುಗಿದ ಮೇಲೆ.”

ಎದ್ದು ಕೈ ತೊಳೆದರು. ಮದುವೆಯಾಗಿ ಬಂದ ಮೇಲೆ ಆ ಮನುಷ್ಯ ನನ್ನ ಮೇಲೆ ಸಿಟ್ಟಾಗಿದ್ದುಂಟು, ಅನುಮಾನ ಪಟ್ಟದ್ದಿಲ್ಲ. ಈಗ ನಾನು ಹೊರಗೆ ಹೊರಟರೆ ಚೀಲದ ಕಡೆ ಅವರ ಕಣ್ಣು ಹೋಗುತ್ತದೆ. ಹೋಗುತ್ತದೆ ಅಂತ ಅವರಿಗೇ ಗೊತ್ತಿಲ್ಲವೇನೋ.

ನೀನು ಅವರಿಗೆ ಒಂದು ಕಾಗದ ಬರೆಯಬೇಕು. ಆ ಸಂಜೆ ನಾನು ಹೇಗಿದ್ದೆ, ಏನು ಹೇಳಿದೆ ಎಂದು ನಿನ್ನ ಕೈಯಾರೆ ಬರಿ. ನನ್ನ ಮಾತು ಇನ್ನು ಈ ಮನೆಯಲ್ಲಿ ನಡೆಯುವುದಿಲ್ಲ, ನಿನ್ನದು ನಡೆಯುತ್ತದೆ.

ಅತ್ತಿಗೆ


ಮಾರ್ಚ್ ೨೨

ಪ್ರೀತಿಯ ಅತ್ತಿಗೆ,

ಮೊದಲಿಗೆ ಕ್ಷಮಿಸಿ, ಬರೆಯಲು ತಡವಾಯಿತು. ಕೈತುಂಬ ಕೆಲಸ, ಮೇಲೆ ನೆಗಡಿ.

ಸುದ್ದಿ ಕೇಳಿ ಕೈಕಾಲೇ ಆಡಲಿಲ್ಲ. ಆದರೆ ನಾವು ಏನು ಮಾಡುವ ಹಾಗಿದೆ ಹೇಳಿ? ಹಣೆಯಲ್ಲಿ ಬರೆದದ್ದನ್ನು ಒರೆಸಿಕೊಳ್ಳಲು ಆಗುತ್ತದೆಯೇ? ನಾನು ಹೇಳಬೇಕಾದದ್ದನ್ನು ಹೇಳಿದೆ. ನಿಮ್ಮ ಹತ್ತಿರ ಪ್ರತಿ ಇದೆ, ನೀವೇ ನೋಡಿದ್ದೀರಿ.

ನನಗೊಂದು ಯೋಚನೆ ಬಂದಿದೆ, ಕೋಪ ಮಾಡಿಕೊಳ್ಳಬೇಡಿ. ಮ್ಯಾನೇಜರ್ ಕೆಟ್ಟವರೇನಲ್ಲ. ನೀವಾಗಿ ಹೋಗಿ, ಅವತ್ತು ಅವರು ಹೇಳಿದ್ದನ್ನು ನಾನೇ ತಪ್ಪು ತಿಳಿದುಕೊಂಡಿದ್ದೆ ಎಂದು ಒಂದು ಮಾತು ಹೇಳಿದರೆ, ಬೇರೆ ಕಡೆ ಸೇರಲು ಒಳ್ಳೆಯ ಪತ್ರವಾದರೂ ಕೊಡಬಹುದು. ನಿಮ್ಮಂಥ ಕೈಕೆಲಸದವರು ಯಾರಿಗೂ ಬೇಡವಾಗುವುದಿಲ್ಲ. ಹಟ ಹಿಡಿದು ಯಾರು ಏನು ಗೆದ್ದರು?

ಅಣ್ಣನಿಗೆ ಬರೆಯುತ್ತೇನೆ, ಸ್ವಲ್ಪ ಸಮಯ ಕೊಡಿ. ಏನು ಬರೆಯಬೇಕು ಅಂತ ತೋಚುತ್ತಿಲ್ಲ.

ಹೇಳಬೇಕೋ ಬೇಡವೋ ಎಂದುಕೊಂಡೆ. ನನ್ನನ್ನು ಕಾಯಂ ಮಾಡಿದ್ದಾರೆ. ನೀವು ಖುಷಿಪಡುತ್ತೀರಿ ಎಂದು ಗೊತ್ತು.

ಗಿಣಿ


ಏಪ್ರಿಲ್ ೨

ಗಿಣಿ,

ಖುಷಿಪಟ್ಟೆ. ನಿಜವಾಗಿಯೂ ಪಟ್ಟೆ. ನಿನ್ನ ಕಾಗದ ಬಂದ ದಿನ ನಿಮ್ಮಣ್ಣನನ್ನು ಕರೆದು “ನಮ್ಮ ಹುಡುಗಿ ಗೆದ್ದಳು” ಎಂದೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಿನ್ನೆ ಲ್ಯಾಬಿಗೆ ಹೋಗಿದ್ದೆ, ನನ್ನ ಕೆತ್ತುವ ಉಳಿಗಳನ್ನು ತರಲು. ಕೈಚೀಲ ಬಿಚ್ಚಿ ತೋರಿಸಿ ಹೋಗಬೇಕು ಎಂದರು. ಬಿಚ್ಚಿದೆ. ಕೌಂಟರಿನಲ್ಲಿ ಟಕಟಕಮ್ಮ ಒಬ್ಬರೇ ಇದ್ದರು. ಪಾಪ, ಅವರಿಗೇ ಮುಜುಗರವಾಗಿ ಒಂದು ಲೋಟ ನೀರು ತಂದಿಟ್ಟರು. ಸುಮ್ಮನೆ ಬರಬಾರದು ಅಂತ ನಾನು ಮಾತಿಗೆ ಹೇಳಿದೆ, “ನೀವು ಎಷ್ಟು ಚೆನ್ನಾಗಿ ಟೈಪ್ ಮಾಡಿದ್ರಿ. ನನ್ನ ಒಂದೊಂದು ಮಾತಿಗೂ ಗುರುತು ಹಾಕಿದ್ರಲ್ಲ, ಕೆಲಸ ಹೋದ್ರೂ ಅದೊಂದು ಸಮಾಧಾನ.”

ಆ ಹೆಂಗಸು ನನ್ನ ಮುಖವನ್ನೇ ನೋಡಿದರು. ಆಮೇಲೆ ದನಿ ಇಳಿಸಿ, “ಆ ಗುರುತು ನಾನಾಗಿ ಹಾಕಿದ್ದಲ್ಲಮ್ಮಾ. ನಿಮ್ಮ ನಾದಿನಿ, ಆಯಮ್ಮ ಹಾಕಿದ್ದು” ಎಂದರು.

“ಮಾತಾಡೋರು ಗುರುತು ಹೇಗೆ ಹಾಕ್ತಾರೆ?” ಎಂದೆ.

ಟಕಟಕಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ಕೈ ಕಿವಿಯ ಮಟ್ಟಕ್ಕೆ ಎತ್ತಿ, ಎರಡೆರಡು ಬೆರಳು ಮಡಚಿ ತೋರಿಸಿದರು. “ನಗು, ಕೆಮ್ಮು, ಕೈಸನ್ನೆ ಯಾವ್ದನ್ನೂ ನಾವು ಟೈಪ್ ಮಾಡೋ ಹಾಗಿಲ್ಲ. ಆದ್ರೆ ಅವರು ಅಷ್ಟು ಸ್ಪಷ್ಟವಾಗಿ ಮಾಡ್ತಿದ್ರು, ಮಾಡಿದ ಕಡೆಯೆಲ್ಲ ಗುರುತು ಹಾಕ್ದೆ. ನೀವು ಅಳ್ತಾ ಇದ್ರಿ ಅನ್ನೋವಾಗ್ಲೂ ಮಾಡಿದ್ರು. ಆಗ್ಲೇ ಸಾಹೇಬ್ರು ನಕ್ಕಿದ್ದು.”

ಲೋಟ ಕೆಳಗಿಟ್ಟು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು “ಹಲ್ಲು ನೋವಾ?” ಎಂದು ಕೇಳಿದಳು. ಕೆನ್ನೆ ಹಿಡಿದುಕೊಂಡು ಕೂತಿದ್ದೆನಂತೆ.

ನೀನು ಸುಳ್ಳು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ ಕಣೇ. “ಅತ್ತಿಗೆ ಹಾಗೆ ಹೇಳಿಲ್ಲ” ಎಂದು ನೇರವಾಗಿ ಹೇಳಿದ್ದರೆ ಜಗಳವಾಡಬಹುದಿತ್ತು, ಆಣೆ ಹಾಕಿಸಬಹುದಿತ್ತು. ನೀನು ನನ್ನ ಮಾತಿನಿಂದಲೇ ನನ್ನನ್ನು ಕೊಂದೆ. ಒಂದಕ್ಷರ ತಪ್ಪಿಲ್ಲ! ಕಾಗದದ ಮೇಲೆ ಯಾರಿಗೆ ತೋರಿಸಿದರೂ ನೀನೇ ಸತ್ಯವಂತೆ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದು ಬಾಯಿಮಾತಿಗೆ ಹೇಳುತ್ತಿದ್ದೆ, ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಬೇಡ. ಆ ಬೆರಳಿಗೆ ಅರ್ಥವೇನೆಂದು ಈ ಮನೆಗೆ ಪಾಠ ಹೇಳಿದವಳು ನೀನು. ಯಾಕೆ ಮಾಡಿದೆ ಅನ್ನುವುದಷ್ಟನ್ನೇ ಬರಿ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಂಬುತ್ತಾರೆ ಅನ್ನುವ ಧೈರ್ಯವೂ ನನಗೆ ಉಳಿದಿಲ್ಲ.


ಏಪ್ರಿಲ್ ೧೫

ಅತ್ತಿಗೆ,

ನಿಮ್ಮ ಕಾಗದ ಓದಿದ ಮೇಲೆ ಊಟ ಸೇರುತ್ತಿಲ್ಲ. ನೀವು ಬರೆದಿರುವಷ್ಟು ದೊಡ್ಡ ವಿಷಯ ಅಲ್ಲ ಅದು. ಇಲ್ಲಿ ಎಲ್ಲರೂ ಮಾತಿಗೆ ಮುಂಚೆ ಬೆರಳೆತ್ತುತ್ತಾರೆ, ನನಗೂ ಅಭ್ಯಾಸವಾಗಿಬಿಟ್ಟಿದೆ. ಕೈ ತಾನಾಗಿ ಎದ್ದಿತು. ಮೊದಲ ಸಲ ಎದ್ದಾಗ ಅವರು ನಕ್ಕರು, ನನಗೆ ಗಾಬರಿಯಾಯಿತು, ಗಾಬರಿಯಲ್ಲಿ ಇನ್ನಷ್ಟು ಎದ್ದಿತು.

ನೀವು ಒಪ್ಪುವುದಿಲ್ಲ, ಗೊತ್ತು. ಹಾಗಾದರೆ ಕೇಳಿ. ಹಿಂದಿನ ದಿನ ಮ್ಯಾನೇಜರ್ ಫೋನ್ ಮಾಡಿದ್ದರು. ಸುಳ್ಳು ಹೇಳು ಎನ್ನಲಿಲ್ಲ. “ನಿಮ್ಮ ಅತ್ತಿಗೆ ಏನು ಹೇಳಿದ್ರೋ ಅದನ್ನೇ ಹೇಳಿ. ಅದು ಅವರ ಮಾತು, ನಿಮ್ಮದಲ್ಲ, ಅಷ್ಟು ಗೊತ್ತಾಗೋ ಹಾಗೆ ಹೇಳಿದ್ರೆ ಸಾಕು. ನಿಮ್ಮ ಕಾಯಂ ಆಗೋ ವಿಷಯ ನನ್ನ ಮೇಜಿನ ಮೇಲೇ ಇದೆ” ಎಂದರು. ಅದರಲ್ಲಿ ತಪ್ಪೇನಿದೆ? ಅದು ನಿಮ್ಮ ಮಾತೇ ತಾನೇ? ನಾನು ನಿಮ್ಮ ಮಾತನ್ನು ನಿಮಗೇ ಬಿಟ್ಟೆ.

ನಾನು ಎಷ್ಟು ವರ್ಷ ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೇನೆ, ನನಗೆ ಹೇಗಾಗುತ್ತದೆ ಎಂದು ನಿಮಗೆ ಒಮ್ಮೆಯಾದರೂ ಅನ್ನಿಸಿತೇ? ನಾನು ಕೆತ್ತಿದ ಮೇಣದ ಹಲ್ಲನ್ನು ಎಲ್ಲರ ಎದುರು ದೀಪಕ್ಕೆ ಹಿಡಿದು ಕರಗಿಸಿ “ಇನ್ನೊಂದ್ಸಲ ಮಾಡು” ಎನ್ನುತ್ತಿದ್ದಿರಿ. ಒಳ್ಳೆಯದಕ್ಕೇ ಇರಬಹುದು. ಇಲ್ಲಿ ನನ್ನನ್ನು ಮೇಡಂ ಎನ್ನುತ್ತಾರೆ. ಅದನ್ನು ಕಳೆದುಕೊಂಡು ಮತ್ತೆ ಆ ಸ್ಟೂಲಿಗೆ ಬರುವುದು ನನ್ನಿಂದ ಆಗುತ್ತಿರಲಿಲ್ಲ.

ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ನಾನು ಒಂದು ಗಳಿಗೆಯೂ ಅಂದುಕೊಂಡಿಲ್ಲ. ಅಂದುಕೊಳ್ಳುವುದಾದರೂ ಹೇಗೆ? ಕುಲುಮೆ ಕೋಣೆಯ ಬಾಗಿಲು ತೆರೆದೇ ಇತ್ತು, ಅವರು ನಿಮಗೆ ಹೇಳಿದ್ದು ನನಗೂ ಕೇಳಿಸಿತ್ತು. ಆದರೆ ಆ ಮೂವರು ನನ್ನನ್ನು ಕೇಳಿದ್ದು “ಅತ್ತಿಗೆ ನಿಮಗೆ ಏನು ಹೇಳಿದರು?” ಅಂತ. “ನೀವು ಏನು ಕೇಳಿಸಿಕೊಂಡಿರಿ?” ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನಾನಾಗಿ ಹೇಳಬೇಕಿತ್ತೇ?

ಆದದ್ದು ಆಯಿತು. ಅಣ್ಣನಿಗೆ ಮಾತ್ರ ಹೇಳಬೇಡಿ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನಗೆ ಎಲ್ಲಾ ಅವನೇ ಅಂತ ನಿಮಗೆ ಗೊತ್ತು. ಬರುವ ತಿಂಗಳು ರಜೆ ಹಾಕಿ ಬರುತ್ತೇನೆ. ಎದುರಿಗೆ ಕೂತರೆ ಎಲ್ಲಾ ಸರಿಹೋಗುತ್ತದೆ. ನಿಮಗೂ ಒಂದು ದಾರಿ ಹುಡುಕೋಣ.

ನಿಮ್ಮ ಗಿಣಿ


ಏಪ್ರಿಲ್ ೨೩

ಗಿಣಿ,

ನಿನ್ನ ಕಾಗದವನ್ನು ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬಾಗಿಲು ತೆರೆದೇ ಇತ್ತು ಅನ್ನುವ ಸಾಲನ್ನು ಮೊದಲ ಸಲ ದಾಟಿಕೊಂಡು ಮುಂದೆ ಓದಿಬಿಟ್ಟಿದ್ದೆ. ಆಮೇಲೆ ಹಿಂದಕ್ಕೆ ಬಂದೆ. ಹಾಗಾದರೆ ಕೈ ತೊಳೆಯುವಲ್ಲಿ ನಾನು ಬಿಕ್ಕುತ್ತಾ ಹೇಳುವಾಗ “ಹೌದಾ ಅತ್ತಿಗೆ? ಹಾಗಂದ್ರಾ?” ಎಂದು ಬೆನ್ನು ಸವರಿದೆಯಲ್ಲ, ಆಗಲೇ ನಿನಗೆ ಗೊತ್ತಿತ್ತು. ನಾನು ನಿನ್ನನ್ನು ನನ್ನ ಮಾತು ಕೇಳಿದವಳು ಎಂದುಕೊಂಡಿದ್ದೆ. ನೀನು ಮ್ಯಾನೇಜರ ಮಾತನ್ನೇ ಕೇಳಿದವಳು. ಕಿವಿಯಾರೆ ಕೇಳಿದ್ದನ್ನು ಅಂತೆ ಕಂತೆ ಮಾಡಿ ಬೆರಳ ತುದಿಯಿಂದ ಹಾರಿಸಿಬಿಟ್ಟೆ.

ಮೇಣದ ಹಲ್ಲು ಕರಗಿಸಿದ್ದು ನಿಜ. ಇನ್ನೊಬ್ಬರ ಬಾಯಿಗೆ ಹೋಗುವುದು ಸರಿಯಿರಲಿ ಎಂದು ಕರಗಿಸಿದೆ. ಎಲ್ಲರೆದುರು ಮಾಡಬಾರದಿತ್ತು. ಅಷ್ಟು ಒಪ್ಪಿಕೊಂಡೆ.

ಅಣ್ಣನಿಗೆ ಹೇಳಬೇಡಿ ಎಂದಿದ್ದೀಯ. ನಾನಾಗಿ ಒಂದು ಮಾತೂ ಹೇಳಲಿಲ್ಲ. ನಿಮ್ಮಣ್ಣ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದರು. ಎದುರಿಗೆ ಕೂತು ನಿನ್ನ ಕಾಗದವನ್ನು ಮೊದಲಿಂದ ಓದಿದೆ. ದನಿ ಏರಿಸಲಿಲ್ಲ, ಎಲ್ಲೂ ರಾಗ ಎಳೆಯಲಿಲ್ಲ. ಎರಡೂ ಕೈಯಲ್ಲಿ ಹಾಳೆ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನೀನು ಗಾಬರಿಯಾದೆ ಎಂದದ್ದನ್ನು ನೀನು ಗಾಬರಿಯಾದ ಹಾಗೇ ಓದಿದೆ. ನಿನ್ನ ಸ್ಟೂಲಿನ ಸಂಕಟವನ್ನೂ ಹಾಗೇ ಓದಿದೆ. “ಅಣ್ಣನಿಗೆ ಮಾತ್ರ ಹೇಳಬೇಡಿ” ಅನ್ನುವ ಸಾಲು ಬಂದಾಗ ನಿಂತೆ. ಬಿಟ್ಟುಬಿಡಲೇ ಅನ್ನಿಸಿತು. ಆದರೆ ನಿನ್ನ ಮಾತು ಎಂದು ಓದಲು ಕೂತ ಮೇಲೆ ನನಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವುದು ಹೇಗೆ? ಅದನ್ನೂ ಓದಿದೆ.

ಒಂದು ಬೂಟು ಕಾಲಲ್ಲೇ ಇತ್ತು. “ಬಾಗಿಲು ತೆಗೆದಿತ್ತು ಅಂತ ಅವಳೇ ಬರೆದಿದ್ದಾಳಾ?” ಎಂದರು. ಹಾಳೆಯನ್ನು ಅವರ ಕೈಗೆ ಕೊಟ್ಟೆ. ಆ ಸಾಲಿನ ಮೇಲೆ ಬೆರಳಿಟ್ಟು ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಪದ ಓದಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಚೀಲ ನೋಡ್ತಿದ್ದೆ ಕಣೇ ನಾನು” ಎಂದರು. “ಗೊತ್ತು” ಎಂದೆ. ಕಾಲಲ್ಲಿದ್ದ ಬೂಟನ್ನು ನಾನೇ ಬಿಚ್ಚಿದೆ. ಅಳುವ ಗಂಡಸನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಬೆಳಿಗ್ಗೆ, ಈ ಕಾಗದವನ್ನು ಆ ಮೂವರಿಗೆ ಕಳಿಸಲೇ ಎಂದು ಕೇಳಿದರು. ಬೇಡ ಎಂದೆ. ನೀನು ಕೇಳಿದ್ದನ್ನು ನೀನೇ ಹೋಗಿ ಹೇಳಬೇಕು, ನಾನು ಹೇಳಿದೆ ಅಂತಲ್ಲ, ನೀನು ಕೇಳಿದೆ ಅಂತ. ಹೇಳುತ್ತೀಯೋ ಮೇಡಂ ಆಗಿ ಇರುತ್ತೀಯೋ, ನಿನಗೆ ಬಿಟ್ಟದ್ದು.

ಬರುವ ತಿಂಗಳು ಬರುತ್ತೇನೆ ಎಂದಿದ್ದೀಯ. ಅದಕ್ಕೆ ನಿಮ್ಮಣ್ಣ ಹೇಳಿದ್ದು ಇಷ್ಟು: “ಬರೋದು ಬೇಡ ಅಂತ ಬರಿ.” ನನ್ನನ್ನು ಕೇಳಿದ್ದರೆ, ಇಷ್ಟಾದ ಮೇಲೂ, ಬಾ ಎಂದು ಬರೆಯುತ್ತಿದ್ದೆನೇನೋ. ಆದರೆ ಅವರು ಹೇಳಿದ್ದನ್ನು ಬೇರೆ ಮಾಡಿ ಬರೆಯುವುದು ನನಗೆ ಬರುವುದಿಲ್ಲ.

ನಿನ್ನ ಅತ್ತಿಗೆ